ಅಪ್ಪನೂ ಇರುವ ಫೋಟೊ

ನನ್ನ ಗಂಡ ರವಿಚಂದ್ರ ತೆಗೆದ ಫೋಟೊಗಳು ಬೆಂಗಳೂರಿನ ಎಷ್ಟು ಮನೆಗಳಲ್ಲಿವೆಯೋ ದೇವರಿಗೇ ಗೊತ್ತು. ಬಿಸಿಲೆಯ ವ್ಯೂ ಪಾಯಿಂಟಿಗೆ ಶನಿವಾರ, ಭಾನುವಾರ ಬರುವ ಪ್ರವಾಸಿಗಳನ್ನು ಜೀಪಿನಲ್ಲಿ ಕರೆದೊಯ್ಯುವುದು ಅವರ ಕೆಲಸ. ಅಲ್ಲಿ ಇಳಿದ ಕೂಡಲೇ ಎಲ್ಲರೂ ಫೋನನ್ನು ಡ್ರೈವರ್ ಕೈಗೆ ಕೊಡುತ್ತಾರೆ. ನನ್ನ ಗಂಡನ ಬಲಗೈ ಮೇಲೆ ಬಿಸಿ ರೇಡಿಯೇಟರ್ ನೀರು ಚೆಲ್ಲಿ ಸುಟ್ಟ ಬಿಳಿ ಗುರುತಿದೆ. ಮೇಡಂ ಸ್ವಲ್ಪ ಎಡಕ್ಕೆ, ಸಾರ್ ಮಗೂನ ಎತ್ಕಳಿ ಎಂದು ಎಲ್ಲರನ್ನೂ ನಿಲ್ಲಿಸಿ, ಹಿಂದಿನ ಬೆಟ್ಟದ ಸಾಲು ಪೂರ್ತಿ ಬರುವ ಹಾಗೆ ತೆಗೆದುಕೊಡುತ್ತಾರೆ. ಹದಿನಾಲ್ಕು ವರ್ಷದಿಂದ ಇದೇ ನಡೆದಿದೆ. ನಮ್ಮ ಮನೆಯ ಫೋಟೊಗಳನ್ನೂ ಅವರೇ ತೆಗೆಯುವುದರಿಂದ, ಮದುವೆ ಆಲ್ಬಮ್ ಬಿಟ್ಟರೆ ಇನ್ಯಾವುದರಲ್ಲೂ ಅವರಿಲ್ಲ.

ನನಗೆ ಇದು ಹೊಳೆದೇ ಇರಲಿಲ್ಲ. ಐದನೇ ಕ್ಲಾಸಿನ ಮಗಳು ರಶ್ಮಿತಾಳಿಂದ ಗೊತ್ತಾಯಿತು. ಶಾಲೆಯಲ್ಲಿ ‘ನನ್ನ ಕುಟುಂಬ’ ಎಂದು ಚಾರ್ಟ್ ಮಾಡಿಸಿದ್ದರು. ನಾನು, ತಾನು, ನಾಲ್ಕು ವರ್ಷದ ತಮ್ಮ ಲಿಖಿತ್ ಇರುವ ಫೋಟೊ ಅಂಟಿಸಿಕೊಂಡು ಹೋಗಿದ್ದಳು. ಪಕ್ಕದ ಹುಡುಗಿ ನಿಂಗೆ ಅಪ್ಪ ಇಲ್ವಾ ಅಂತ ಕೇಳಿದಳಂತೆ. ಮನೆಗೆ ಬಂದವಳೇ ಚಾರ್ಟನ್ನು ಸುತ್ತಿ ಬೀರುವಿನ ಮೇಲೆ ಎಸೆದು ಉಣ್ಣದೆ ಮಲಗಿದಳು. ಮಾರನೇ ದಿನ ಇವರು ಮಾತು ಕೊಟ್ಟರು. ಬೆಂಗಳೂರಿಗೆ ಹೋಗೋಣ, ವಿಧಾನಸೌಧದ ಮುಂದೆ ನಾಲ್ಕು ಜನವೂ ನಿಂತು ಫೋಟೊ ತೆಗೆಸಿಕೊಳ್ಳೋಣ, ಅದನ್ನೇ ಅಂಟಿಸು ಎಂದರು.

ಪ್ರವಾಸಿಗಳು ಬಾರದ ಒಂದು ಮಂಗಳವಾರ ಹೊರಟೆವು. ನಮ್ಮ ಜೀಪು ಬೆಟ್ಟ ಹತ್ತುತ್ತದೆಯೇ ಹೊರತು ಬೆಂಗಳೂರು ಮುಟ್ಟುವಷ್ಟು ತ್ರಾಣ ಅದಕ್ಕಿಲ್ಲ. ಇವರಿಗೆ ಗಿರಾಕಿ ಕಳಿಸುವ ಹೋಂಸ್ಟೇ ಮಾಲೀಕ ದೇವೀರಪ್ಪನವರು ತಮ್ಮ ಹೊಸ ಬೊಲೆರೊ ಕೊಟ್ಟರು. ಕೀ ಕೊಡುವಾಗ, ಒಂದು ಗೀರೂ ಬೀಳಬಾರದು ಮಾರಾಯ ಅಂದರು. ನಗುತ್ತಲೇ ಅಂದ ಮಾತು ಅದು. ಆದರೂ ನಮ್ಮ ಇಡೀ ದಿನವನ್ನು ತಿಂದುಹಾಕಿತು.

ಕೋಳಿ ಕೂಗುವ ಮೊದಲೇ ಎದ್ದು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಹಾಸನ ಬರುವಷ್ಟರಲ್ಲಿ ಲಿಖಿತ್ ಎರಡು ಸಲ ವಾಂತಿ ಮಾಡಿಕೊಂಡ. ರಶ್ಮಿತಾ ಮಾತ್ರ ಕನಕಾಂಬರದ ದಂಡೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಡಿಸುತ್ತೇನೆ ಕೊಡು ಅಂದರೆ ಕೊಡಲಿಲ್ಲ. ಈಗಲೇ ಮುಡಿದರೆ ಫೋಟೊ ಹೊತ್ತಿಗೆ ಬಾಡಿರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಲಾಲ್‌ಬಾಗಿನ ಹತ್ತಿರ ಗಾಡಿ ನಿಲ್ಲಿಸಲು ಜಾಗವೇ ಸಿಗಲಿಲ್ಲ. ಸಿಕ್ಕ ಒಂದು ಜಾಗದಲ್ಲಿ ಅತ್ತಿತ್ತ ಬೈಕುಗಳು ಒತ್ತಿಕೊಂಡಿದ್ದವು, ಗೀರು ಬೀಳುವುದೆಂದು ಇವರು ಒಪ್ಪಲಿಲ್ಲ. ನಮ್ಮನ್ನು ಗೇಟಿನ ಬಳಿ ಇಳಿಸಿ, ಅರ್ಧ ಗಂಟೆ ಸಾಕಲ್ವಾ ಎಂದು ಕೇಳಿದರು. ಪ್ರವಾಸಿಗಳಿಗೂ ಹೀಗೇ ಕೇಳುತ್ತಾರೆ. ನಾನು ಲಿಖಿತ್‌ನನ್ನು ಸೊಂಟದ ಮೇಲೆ ಹೊತ್ತು ಬಂಡೆ ಹತ್ತಿದೆ, ಗಾಜಿನ ಮನೆ ನೋಡಿದೆ. ನೋಡಿದೆ ಎಂದರೆ, ಅದರ ಮುಂದೆ ನಿಂತು ಏದುಸಿರು ಬಿಟ್ಟೆ. ರಶ್ಮಿತಾ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಅಪ್ಪ ಬಂದರಾ ಎಂದು ನೋಡುತ್ತಿದ್ದಳು. ಮ್ಯೂಸಿಯಮ್ಮಿನಲ್ಲೂ ಇದೇ ಕತೆಯಾಯಿತು. ಒಳಗೆ ವಿಮಾನ, ಇಂಜಿನ್ನು ಎಲ್ಲ ಇದ್ದವು. ಇಂಜಿನ್ ಕಂಡರೆ ಊಟ ಬಿಡುವ ಮನುಷ್ಯ ಹೊರಗೆ ಬೊಲೆರೊ ಕಾಯುತ್ತಿದ್ದ.

ಹೋಟೆಲಿನ ಮುಂದೆಯೂ ಜಾಗವಿರಲಿಲ್ಲ. ಯಾವುದೋ ಗಲ್ಲಿಯಲ್ಲಿ ಗಾಡಿಯೊಳಗೇ ಕೂತು ಚಿತ್ರಾನ್ನ ತಿಂದೆವು. ನನಗೆ ಸೊಂಟ ಬಿದ್ದುಹೋಗಿತ್ತು, ಸಿಟ್ಟು ನೆತ್ತಿಗೇರಿತ್ತು.

“ನಮ್ಮನ್ನೂ ಟೂರಿಸ್ಟ್ ಮಾಡ್ಬುಟ್ರಲ್ರೀ” ಅಂದೆ.

“ಗಾಡಿ ನಂದಲ್ಲ ಕಣೇ” ಅಂದರು, ತುತ್ತು ನುಂಗಿ.

ಒಂದು ಗೀರು ಬಿದ್ದರೂ ದೇವೀರಪ್ಪನವರು ನಾಳೆಯಿಂದ ಗಿರಾಕಿಗಳನ್ನು ಬೇರೆ ಜೀಪಿಗೆ ಹತ್ತಿಸುತ್ತಾರೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ರಶ್ಮಿತಾ ಮಾತ್ರ, ವಿಧಾನಸೌಧದ ಹತ್ರ ನೀನು ಇಳೀತೀಯ ತಾನೇ ಎಂದು ಅಪ್ಪನನ್ನು ಮೂರು ಸಲ ಕೇಳಿದಳು. ಮೂರು ಸಲವೂ ಹ್ಞೂಂ ಅಂದರು.

ವಿಧಾನಸೌಧದ ಮುಂದೆ ಗಾಡಿ ನಿಧಾನ ಮಾಡುತ್ತಿದ್ದಂತೆಯೇ ಪೊಲೀಸಿನವನು ಮುಂದೆ ಹೋಗಿ ಎಂದು ಕೈ ಬೀಸಿದ. ನೀವು ಇಳ್ಕಳಿ, ಗಾಡಿ ಎಲ್ಲಾದರೂ ಹಾಕಿ ಬತ್ತೀನಿ ಎಂದು ನಮ್ಮನ್ನು ಇಳಿಸಿ ಹೊರಟರು. ಫುಟ್‌ಪಾತಿನ ಮೇಲೆ ನಾನು ರಶ್ಮಿತಾಳಿಗೆ ಹೂ ಮುಡಿಸಿದೆ. ಹತ್ತು ನಿಮಿಷಕ್ಕೆ ಬೊಲೆರೊ ಎದುರಿನಿಂದ ಹಾದುಹೋಯಿತು. ಜಾಗ ಸಿಗಲಿಲ್ಲ ಎಂದು ಇವರು ಒಳಗಿನಿಂದಲೇ ಕೈಯಾಡಿಸಿದರು. ಇನ್ನಷ್ಟು ಹೊತ್ತಿಗೆ ಮತ್ತೆ ಹಾದುಹೋಯಿತು. ಮೂರನೇ ಸಲ ಹಾದಾಗ ರಶ್ಮಿತಾ ಕೈಯೆತ್ತಲೂ ಇಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ ಬೆನ್ನು ಹಾಕಿ ರಸ್ತೆ ನೋಡುತ್ತಾ ನಿಂತಿದ್ದಳು.

ಕೊನೆಗೆ ಇವರು ಎಲ್ಲಿಂದಲೋ ಓಡುತ್ತಾ ಬಂದರು. ಶರ್ಟು ಬೆನ್ನಿಗೆ ಅಂಟಿತ್ತು. ದುಡ್ಡು ಕೊಟ್ಟು ಗಾಡಿ ಹಾಕಿ ಒಂದು ಮೈಲಿ ಓಡಿದ್ದರಂತೆ. ನನ್ನ ಫೋನಿನ ಕ್ಯಾಮೆರಾ ಒಡೆದು ವರ್ಷವಾಗಿತ್ತು. ಇವರ ಫೋನು ಬೆಳಗಿನಿಂದ ದಾರಿ ತೋರಿಸಿ ತೋರಿಸಿ ಉಸಿರು ಬಿಡುವ ಸ್ಥಿತಿಯಲ್ಲಿತ್ತು. ಚಾರ್ಜರ್ ವೈರು ಊರಲ್ಲಿ ಜೀಪಿನೊಳಗೇ ಉಳಿದುಬಿಟ್ಟಿತ್ತು.

ಬಂದವರೇ ಫೋನು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ನೀನು ಸ್ವಲ್ಪ ಎಡಕ್ಕೆ, ಮಗೂನ ಎತ್ಕ ಎಂದು ನಮ್ಮನ್ನು ನಿಲ್ಲಿಸತೊಡಗಿದರು. ಕೈಗೆ ಅಂಟಿದ ಅಭ್ಯಾಸ ಅದು, ಬೇಕೆಂದು ಮಾಡಿದ್ದಲ್ಲ.

“ಅಪ್ಪ, ನೀನು?” ಅಂದಳು ರಶ್ಮಿತಾ.

ಇವರು ಬೆಚ್ಚಿ ನಾಲಿಗೆ ಕಚ್ಚಿಕೊಂಡರು. ಹಾದುಹೋಗುತ್ತಿದ್ದ ಕಾಲೇಜು ಹುಡುಗಿಯೊಬ್ಬಳ ಕೈಗೆ ಫೋನು ಕೊಟ್ಟು, ಓಡಿಬಂದು ಮಗಳ ಪಕ್ಕ ನಿಂತರು. ನಿಂತರೋ, ನಿಲ್ಲಲು ಬರಲಿಲ್ಲವೋ. ಕೈಯನ್ನು ಜೇಬಿಗೆ ಹಾಕಿದರು, ತೆಗೆದರು, ಹಿಂದೆ ಕಟ್ಟಿಕೊಂಡರು. ರಶ್ಮಿತಾ ಅವರ ಶರ್ಟಿನ ತುದಿ ಹಿಡಿದುಕೊಂಡಳು. ಆ ಹುಡುಗಿ ರೆಡಿ ಅಂದಳು. ಅವಳು ಫೋನು ಹಿಡಿದಿದ್ದ ರೀತಿ ಇವರಿಗೆ ಸರಿಕಾಣಲಿಲ್ಲ. ಮೇಡಂ, ಸ್ವಲ್ಪ ಹಿಂದಕ್ಕೆ ಹೋಗಿ, ಮೇಲಿನ ಗೋಪುರ ಕಟ್ಟಾಯ್ತದೆ ಎನ್ನುತ್ತಾ ಕೈ ಮುಂದೆ ಮಾಡಿ ಸಾಲಿನಿಂದ ಪಕ್ಕಕ್ಕೆ ಬಂದೇಬಿಟ್ಟರು. ಅದೇ ಗಳಿಗೆಗೆ ಅವಳು ಒತ್ತಿದಳು. ಇನ್ನೊಂದು ತೆಗೀರಿ ಎನ್ನುವಷ್ಟರಲ್ಲಿ ಫೋನು ಆರಿಹೋಯಿತು.

ವಾಪಸು ಬರುವ ದಾರಿಯಲ್ಲಿ ಲಿಖಿತ್ ನನ್ನ ತೊಡೆಯ ಮೇಲೆ ಕೊರಡಿನಂತೆ ಬಿದ್ದಿದ್ದ. ರಶ್ಮಿತಾ ಹೂವನ್ನು ತಲೆಯಿಂದ ತೆಗೆದು ಸೀಟಿನ ಮೇಲಿಟ್ಟಳು. ಬೊಲೆರೊಗೆ ಒಂದು ಗೀರೂ ಬೀಳಲಿಲ್ಲ, ದೇವೀರಪ್ಪನವರು ಬಲು ಖುಷಿಯಾದರು.

ಸಕಲೇಶಪುರದ ಸ್ಟುಡಿಯೋದಲ್ಲಿ ಆ ಒಂದು ಫೋಟೊ ಪ್ರಿಂಟ್ ಹಾಕಿಸಿಕೊಂಡು ಬಂದೆ. ವಿಧಾನಸೌಧ ಓರೆಯಾಗಿತ್ತು, ಗೋಪುರ ಕಟ್ಟಾಗಿತ್ತು. ನಾವು ಮೂವರು ಸರಿಯಾಗಿದ್ದೆವು. ಬಲಗಡೆಯ ಅಂಚಿನಿಂದ ಒಂದು ಕೈ ಮಾತ್ರ ಒಳಗೆ ಬಂದಿತ್ತು, ಸುಟ್ಟ ಗುರುತಿನ ಕೈ. ಹರಿದು ಒಲೆಗೆ ಹಾಕುತ್ತಾಳೆ ಎಂದುಕೊಂಡೆ. ರಶ್ಮಿತಾ ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿ ಹತ್ತಿ ಬೀರುವಿನ ಮೇಲಿನ ಚಾರ್ಟ್ ಇಳಿಸಿ, ಹಳೆಯ ಫೋಟೊ ಕಿತ್ತು ಇದನ್ನು ಅಂಟಿಸಿದಳು. ಕೈಯ ಕಡೆಗೊಂದು ಬಾಣದ ಗುರುತು ಎಳೆದು ಸ್ಕೆಚ್ ಪೆನ್ನಿನಲ್ಲಿ ಬರೆದಳು: ನಮ್ಮ ಅಪ್ಪ. ಫೋಟೊ ಚೆನ್ನಾಗಿ ಬರಲಿ ಅಂತ ಹೇಳುತ್ತಿದ್ದಾರೆ.

ಇವರು ಜೀಪಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಅದನ್ನು ಓದಿದರು. ಎರಡು ಸಲ ಓದಿದರು. ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಇನ್ನೊಂದ್ಸಲ ಹೋಗಣ ಕಣವ್ವ. ಈ ಸಲ ಬಸ್ಸಲ್ಲಿ.”

ರಶ್ಮಿತಾ ಪೆನ್ನಿನ ಮುಚ್ಚಳ ಹಾಕಿದಳು. “ಬ್ಯಾಡಪ್ಪ” ಅಂದಳು, “ನಿಂಗೆ ಸುಸ್ತಾಯ್ತದೆ.”

ಅಳುತ್ತಾ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಸಮಾಧಾನವಾಗಿ, ದೊಡ್ಡವರ ಹಾಗೆ ಹೇಳಿದಳು. ಇವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊರಗೆ ಪ್ರವಾಸಿಗಳು ಜೀಪಿನ ಹಾರನ್ ಒತ್ತಿ ಕರೆಯುತ್ತಿದ್ದರು. ಇವರು ಬೇಗ ಏಳಲಿಲ್ಲ.