ಕೈಗೆ ಬರುವವರೆಗೆ

೧೯೭೯ರ ಕಾರ್ತಿಕ. ಹೆಬ್ಬಾಳ ಕೆರೆಯ ಏರಿ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆರ್.ಟಿ. ನಗರದಿಂದ ನಡೆದು ಬರುವ ಸಬೀರಾ ಟೀಚರಿಗೆ ತಾನಿನ್ನೂ ಬೆಳಗಿನ ಜಾವದ ನಿದ್ದೆಯಲ್ಲೇ ಇದ್ದೇನೇನೋ ಅನ್ನಿಸುತ್ತಿತ್ತು. ನೀರುಕೋಳಿಗಳ ಸದ್ದು ಮಾತ್ರ ಕೇಳುತ್ತಿತ್ತು; ನೀರು ಕಾಣುತ್ತಿರಲಿಲ್ಲ.

ದಸರಾ ರಜೆಯ ನಂತರ ಆಕೆ ಕೆರೆ ಪಕ್ಕದ ಶಾಲೆಯಲ್ಲಿ ಒಂದನೇ ಕ್ಲಾಸು, ನಾಲ್ಕನೇ ಕ್ಲಾಸು ಎಂಬ ಸಾಲುಗಳನ್ನೇ ತೆಗೆದುಬಿಟ್ಟಿದ್ದಳು. ಅಕ್ಷರ ಕೂಡಿಸಿ ಕಲಿಯುವವರು ಹೊಂಗೆ ಮರದ ಕೆಳಗೆ, ಕಥೆ ಓದಬಲ್ಲವರು ಜಗುಲಿಯಲ್ಲಿ. ವಯಸ್ಸಿನ ಲೆಕ್ಕವಿಲ್ಲ, ಅವಸರವೂ ಇಲ್ಲ.

ಆ ಶನಿವಾರ ಹತ್ತು ಹನ್ನೆರಡು ಜನ ಹೆತ್ತವರು ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡಿ ಬಂದರು. ಮುಂದೆ ಊರಿನ ಹಿರಿಯ ಮುನಿವೆಂಕಟಯ್ಯ.

"ಏನ್ ಮೇಡಮ್ಮೋರೆ, ನಮ್ ಮೊಮ್ಮಗ್ಳು ಗಂಗರತ್ನ ನಾಕನೇ ಕ್ಲಾಸು. ಚಿಳ್ಳೆ ಮಕ್ಕಳ ಜೊತೆ ಯಾಕೆ ಕೂರ್ಸಿದ್ದೀರಿ? ಇಂಗೆ ಮಾಡುದ್ರೆ ನಮ್ ಮರ್ಯಾದೆ ಏನಾಯ್ತದೆ?"

ಆ ಹುಡುಗಿಗೆ ಓದಲು ಬಾರದೆಂದು ಎಲ್ಲರೆದುರು ಹೇಳುವುದು ಸಬೀರಾಳಿಗೆ ಬೇಡವಾಗಿತ್ತು. ಮುದುಕನ ಪಕ್ಕದಲ್ಲಿದ್ದ ರೈತ ಲಕ್ಕಣ್ಣನ ಕಡೆ ತಿರುಗಿದಳು.

"ಲಕ್ಕಣ್ಣೋರೆ, ನೇಗಿಲು ಹಿಡಿಯೋದು ಎಷ್ಟು ದಿನಕ್ಕೆ ಕಲಿತ್ರಿ?"

"ದಿನ ಯಾರು ಎಣಿಸ್ತಾರೆ? ಕೈಗೆ ಬರೋಗಂಟ ನಮ್ಮಪ್ಪ ಜೊತೇಲೇ ನಡೆದ."

"ನಾನು ನಾಟಿ ಕಲಿಯೋಕೆ ಮೂರು ಮಳೆಗಾಲ ಬೇಕಾಯ್ತು," ಎಂದು ಗುಂಪಿನಲ್ಲಿದ್ದ ಚಂದ್ರವ್ವ ನಕ್ಕಳು. "ನನ್ ತಂಗಿ ಒಂದ್ರಲ್ಲೇ ಕಲ್ತ್ಳು."

ಸೈಕಲ್ ರಿಪೇರಿಯ ಮುಕ್ತಾರ್ ತನ್ನ ಮಸಿ ಹಿಡಿದ ಬೆರಳುಗಳನ್ನೇ ನೋಡಿಕೊಂಡ. "ನಂಗೆ ಸ್ಕೂಲಲ್ಲಿ ಅಷ್ಟು ಟೈಮ್ ಯಾರೂ ಕೊಡ್ಲಿಲ್ಲ, ಟೀಚರ್. ಫೇಲ್ ಅಂದ್ರು, ಬಿಟ್ಟೆ."

ಆಗ ಗಂಗರತ್ನ ಮರದ ಕೆಳಗಿಂದ ಎದ್ದು ಬಂದು ತಾತನ ಪಂಚೆ ಹಿಡಿದಳು.

"ತಾತ, ದಿನಾ ನಿಂಗೆ ಓದಿ ಹೇಳ್ತಿದ್ನಲ್ಲ, ಅದು ಬಾಯಿಪಾಠ. ನಂಗೆ ಓದಾಕೆ ಬರಾಕಿಲ್ಲ. ಇಲ್ಲಿ ಈಗ ಒಂದೊಂದೇ ಅಕ್ಷರ ಬತ್ತಾ ಐತೆ."

ಮುದುಕನ ಮುಖ ಕಪ್ಪಿಟ್ಟಿತು. ಬೈಯುತ್ತಾನೆಂದು ಸಬೀರಾ ಹೆದರಿದಳು. ಅವನು ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತು, ಮೊಮ್ಮಗಳ ತಲೆ ನೇವರಿಸಿದ. "ಇಷ್ಟ್ ದಿನ ನೀನೊಬ್ಳೇ ಇದನ್ನ ಹೊತ್ಕಂಡಿದ್ದೇನವ್ವ?"

ಬಂದವರಲ್ಲಿ ಇಬ್ಬರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದರು. ಉಳಿದವರು ಆ ವಾರವೇ, ಶಾಲೆ ಹೀಗೇ ನಡೆಯಲಿ ಎಂದು ಸ್ಕೂಲ್ ಇನ್ಸ್‌ಪೆಕ್ಟರಿಗೆ ಅರ್ಜಿ ಬರೆಸಿದರು. ಮೊದಲ ಹೆಬ್ಬೆಟ್ಟು ಮುನಿವೆಂಕಟಯ್ಯನದು.

ಸಂಕ್ರಾಂತಿ ಕಳೆದ ಮೇಲೆ ಶನಿವಾರಗಳಲ್ಲಿ ಚಂದ್ರವ್ವ ಬಂದು ಬೀಜ ಅಳೆಯುವುದನ್ನು ಕಲಿಸತೊಡಗಿದಳು. ಮುಕ್ತಾರ್ ಚಕ್ರವೊಂದನ್ನು ತಿರುಗಿಸುತ್ತ ಸುತ್ತಳತೆ ತೋರಿಸಿದ. ಅಂಥದ್ದೊಂದು ದಿನ ಗಂಗರತ್ನ ತಾನು ಹಿಂದೆಂದೂ ಕಂಡಿರದ ಪುಟವೊಂದನ್ನು ತಡವರಿಸುತ್ತ ಓದುತ್ತಿದ್ದಳು. ಕೆರೆಯ ಬೆಳಕು ಗೋಡೆಯ ಮೇಲೆ ತೇಲುತ್ತಿತ್ತು. ಕೇಳುತ್ತ ನಿಂತ ಸಬೀರಾ ಗಂಟೆ ಹೊಡೆಯುವುದನ್ನೇ ಮರೆತಳು. ಮನೆಗೆ ಹೋಗೋಣವೆಂದು ಯಾರೂ ಏಳಲೂ ಇಲ್ಲ.