ಪೈಪು ಸುಮ್ಮನಾದ ಸಂಜೆ

ಆ ಮೂರಂತಸ್ತಿನ ಕಟ್ಟಡದಲ್ಲಿ ಏನೇ ಸದ್ದಾದರೂ ಪೈಪಿನ ತಲೆಗೆ ಕಟ್ಟುವುದು ವಾಡಿಕೆಯಾಗಿಬಿಟ್ಟಿತ್ತು. ನಲ್ಲಿ ನಿಲ್ಲಿಸಿದರೆ ಗೋಡೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಧಡ್ ಧಡ್ ಎನ್ನುತ್ತಿತ್ತು. ಅರ್ಧ ತಿರುಗಿಸಿದರೆ ಕಿವಿ ತೂತಾಗುವಂಥ ಸಿಳ್ಳೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಮೊದಲು ಬೆಚ್ಚಿಬೀಳುತ್ತಿದ್ದರು, ಆಮೇಲೆ ಬೈಯುತ್ತಿದ್ದರು, ಕೊನೆಗೆ ಅವರ ಕಿವಿಯೂ ಮೊಂಡಾಗುತ್ತಿತ್ತು. ಜನಕ್ಕೆ ಒಂದು ಕಾರಣ ಸಿಕ್ಕಿಬಿಟ್ಟರೆ ಸಾಕು, ಮತ್ತೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಇದು ಹೇಳಿ ಮಾಡಿಸಿದಂತೆ ಒದಗಿದ್ದು ನಡುವಿನ ಮನೆಯ ಡ್ರೈವಿಂಗ್ ಮೇಷ್ಟ್ರಿಗೆ. ಹೊರಗೆ ಅವನ ಹೆಸರು ಸಮಾಧಾನದ ಮೇಷ್ಟ್ರು. ಕಲಿಯುವವರು ಕಾರನ್ನು ನೇರ ಲೈಟುಕಂಬಕ್ಕೆ ಗುದ್ದಲು ಹೊರಟರೂ "ಪರವಾಗಿಲ್ಲ, ನಿಧಾನ" ಎನ್ನುವನು. ದಿನವಿಡೀ ನುಂಗಿಕೊಂಡ ಸಿಟ್ಟನ್ನು ಸಂಜೆ ಜೋಪಾನವಾಗಿ ಮನೆಗೆ ತಂದು ಹೆಂಡತಿಯ ಮೈಮೇಲೆ ಸುರಿಯುತ್ತಿದ್ದ. ಅದಕ್ಕೆ ನೆಪವೇನೂ ದೊಡ್ಡದು ಬೇಕಿರಲಿಲ್ಲ. ಅನ್ನ ಆರಿದ್ದರೂ ಸಾಕು, ಬಿಸಿ ಹೆಚ್ಚಾಗಿದ್ದರೂ ಸಾಕು.

ಅವನು ಅಂಗಿಯ ತೋಳು ಮಡಿಸಿದ ಕೂಡಲೇ ಅವನ ತಾಯಿ ಎದ್ದು ಅಡುಗೆಮನೆಗೆ ಹೋಗುವಳು, ನಲ್ಲಿಯನ್ನು ಅರ್ಧ ತಿರುಗಿಸುವಳು. ಸಿಳ್ಳೆ ಶುರುವಾಗುವುದು. ಹೊಡೆತ ಮುಗಿಯುವ ತನಕ ಇತ್ತ ಬೆನ್ನು ಹಾಕಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುವಳು. ಹೊಡೆಯುವ ಕೈಗಿಂತ ನಲ್ಲಿ ತಿರುಗಿಸುವ ಆ ಕೈಯನ್ನು ಕಂಡರೆ ಸೊಸೆಗೆ ಹೆಚ್ಚು ಮೈ ಉರಿಯುತ್ತಿತ್ತು.

ಸೊಸೆಯೂ ಬಾಯಿ ಬಿಟ್ಟವಳಲ್ಲ. ಮೆಟ್ಟಿಲ ಮೇಲೆ ಯಾರಾದರೂ "ನಿನ್ನೆ ಏನಮ್ಮಾ ಅಷ್ಟು ಸದ್ದು?" ಎಂದರೆ, ಸೆರಗನ್ನು ಕತ್ತಿನ ತನಕ ಎಳೆದುಕೊಂಡು "ಪೈಪು" ಎನ್ನುತ್ತಿದ್ದಳು. ನಾಲ್ಕು ಜನರ ಮುಂದೆ ಮಾನ ಉಳಿಯಲಿ ಎನ್ನುವ ಆಸೆ ಅವಳಿಗೆ.

ಹೋದ ವಾರ ಮಾತ್ರ ಅವನು ಕತ್ತಿಗೇ ಕೈ ಹಾಕಿದ. ಗೋಡೆಗೆ ಒತ್ತಿ ಹಿಡಿದು ಎರಡೂ ಹೆಬ್ಬೆರಳನ್ನು ಗಂಟಲಿಗೆ ಅಮುಕಿದ. ಉಸಿರು ಹೊರಡಲಿಲ್ಲ, ಕೂಗು ಎಲ್ಲಿಂದ ಬರಬೇಕು? ಕಣ್ಣು ಕತ್ತಲಿಟ್ಟಿತು. ಕೈಲಾದದ್ದು ಒಂದೇ, ಹಿಮ್ಮಡಿಯಿಂದ ನೆಲವನ್ನು ಒದೆಯುವುದು. ಒದ್ದಳು, ಒದ್ದಳು. ಕೆಳಗಿನ ಮನೆಯ ಟೈಲರ್ ಬಟ್ಟೆ ಅಳೆಯುವ ಕೋಲಿನಿಂದ ತನ್ನ ಸೂರಿಗೆ ಕುಟ್ಟಿ ಕೂಗಿದ:

"ಮೇಷ್ಟ್ರೇ, ಆ ಪೈಪು ಸರಿ ಮಾಡಿಸ್ರಪ್ಪಾ. ಮನುಷ್ಯ ಕೂತು ಕೆಲಸ ಮಾಡೋ ಹಾಗಿಲ್ಲ."

ಗಂಡ ಬೆಚ್ಚಿ ಕೈ ಸಡಿಲಿಸಿದ. ಮರುಕ್ಷಣ ನಕ್ಕುಬಿಟ್ಟ. ಅವಳು ನೆಲಕ್ಕೆ ಕುಸಿದು ಕೆಮ್ಮುತ್ತ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಂಡಳು. ತಾನು ಇಲ್ಲೇ ಸತ್ತರೂ ಈ ಕಟ್ಟಡದವರು ಪೈಪಿಗೆ ಶಾಪ ಹಾಕಿ ಮಲಗುತ್ತಾರೆ.

ಟೈಲರ್ ಹಿಡಿದ ಹಟ ಬಿಡಲಿಲ್ಲ. ಇವತ್ತು ಮಧ್ಯಾಹ್ನ ಮೇಷ್ಟ್ರು ಕೆಲಸಕ್ಕೆ, ಅತ್ತೆ ತನ್ನ ಮಗಳ ಮನೆಗೆ ಹೋಗಿದ್ದಾಗ, ಪ್ಲಂಬರ್ ಒಬ್ಬನನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ.

"ಮೇಲಿನ ಮನೆ, ನಮ್ಮ ಮನೆ ಎರಡೂ ನೋಡಾಯ್ತು ತಂಗಿ. ರೋಗ ಇರೋದು ನಿಮ್ಮನೇಲೇ" ಎಂದು ಹೇಳಿ ತನ್ನ ಮಷಿನ್ನಿಗೆ ಮರಳಿದ.

ಪ್ಲಂಬರ್ ಬಾಯಿಬಡುಕ. ಬಚ್ಚಲಿನ ಗೋಡೆಗೆ ಅಂಗೈ ಒತ್ತಿಟ್ಟು ಅವಳಿಂದ ನಲ್ಲಿ ಬಿಡಿಸಿದ, ನಿಲ್ಲಿಸಿದ, ಮತ್ತೆ ಬಿಡಿಸಿದ. "ನೋಡಿ ಅಕ್ಕಾ, ನೀರು ಜೋರಾಗಿ ಬರ್ತಾ ಇರುತ್ತೆ. ನೀವು ಟಕ್ಕಂತ ನಿಲ್ಲಿಸ್ತೀರ. ಅದರ ಜೋರು ಎಲ್ಲಿಗೆ ಹೋಗ್ಬೇಕು? ಪೈಪನ್ನೇ ಎತ್ತಿ ಗೋಡೆಗೆ ಬಡಿಯುತ್ತೆ. ಹಿಡಿದಿರೋ ಕ್ಲ್ಯಾಂಪೆಲ್ಲಾ ಸಡಿಲ. ಆ ಸಿಳ್ಳೆ ಇದೆಯಲ್ಲ, ಅದು ಅಡುಗೆಮನೆ ನಲ್ಲಿಯ ವಾಷರು. ಸವೆದು ಎಲೆ ಥರ ಆಗಿದೆ, ನೀರು ನುಗ್ಗಿದಾಗೆಲ್ಲ ಅದುರುತ್ತೆ."

"ಸರಿ ಮಾಡಿದ್ರೆ ಪೂರ್ತಿ ಸದ್ದು ನಿಲ್ಲುತ್ತಾ?"

"ಪೂರ್ತಿ. ಇನ್ಮೇಲೆ ನೀವು ಸೀನಿದ್ರೂ ಕೆಳಗಿನವರಿಗೆ ಕೇಳಿಸುತ್ತೆ ನೋಡಿ." ತನ್ನ ಮಾತಿಗೆ ತಾನೇ ನಕ್ಕು ಚೀಲ ಬಿಚ್ಚಿದ.

ಅವಳು ಬೇಡ, ಹೋಗಿ ಎನ್ನಲು ಬಾಯಿ ತೆರೆದಳು. ನಾಳೆಯಿಂದ ತನ್ನ ಒಂದೊಂದು ಏಟೂ ಮೇಲೆ ಕೆಳಗೆ ಎರಡೂ ಮನೆಗೆ ಕೇಳುತ್ತದೆ. ಮೆಟ್ಟಿಲ ಮೇಲೆ ತಲೆ ಎತ್ತಿ ನಡೆಯುವುದು ಹೇಗೆ? ಕೈ ತಾನಾಗಿ ಕತ್ತಿಗೆ ಹೋಯಿತು. ಹೆಬ್ಬೆರಳಿನ ಗುರುತು ಹಳದಿ ತಿರುಗಿದ್ದರೂ ಮುಟ್ಟಿದರೆ ಇನ್ನೂ ನೋಯುತ್ತಿತ್ತು.

"ಮಾಡಿ ಅಣ್ಣಾ. ಸರಿಯಾಗಿ ಮಾಡಿ. ಒಂದು ಚೂರೂ ಸದ್ದು ಉಳೀಬಾರದು."

ಅವನು ಹೋಗುವ ಮೊದಲು ಅವನಿಗೊಂದು ಲೋಟ ಟೀ ಕೊಟ್ಟಳು, ತಾನೂ ಒಂದು ಲೋಟ ಕುಡಿದಳು.

ಸಂಜೆ ತಾಯಿ ಮಗ ಒಟ್ಟಿಗೆ ಬಂದರು. ಚಪ್ಪಲಿ ಕಳಚುತ್ತಿದ್ದವನ ಕಣ್ಣು ತೊಳೆದು ಬೋರಲು ಹಾಕಿದ್ದ ಎರಡು ಲೋಟಗಳ ಮೇಲೆ ಬಿತ್ತು.

"ಯಾರು ಬಂದಿದ್ದು?"

"ಪ್ಲಂ..." ಎನ್ನುವಷ್ಟರಲ್ಲಿ ಕೆನ್ನೆಗೆ ಬಿತ್ತು. ಉತ್ತರ ಕೇಳುವ ತಾಳ್ಮೆಯೆಲ್ಲ ಡ್ರೈವಿಂಗ್ ಕಲಿಯುವವರಿಗೆ ಮೀಸಲು. ಎರಡನೆಯ ಏಟಿಗೆ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಜಡೆಗೆ ಕೈ ಹಾಕಿ ಎಳೆದು ಗೋಡೆಗೆ ಅಪ್ಪಳಿಸಿದ. ಹಣೆಯಿಂದ ರಕ್ತ ಇಳಿದು ಕಣ್ಣಿಗೆ ಹೋಯಿತು.

ಅತ್ತೆ ಎಂದಿನಂತೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಸದ್ದಿಲ್ಲದೆ ಇಳಿಯಿತು. ಮುದುಕಿ ಇನ್ನಷ್ಟು ತಿರುಗಿಸಿದಳು, ಹಿಂದಕ್ಕೆ ತಿರುಗಿಸಿದಳು, ನಿಲ್ಲಿಸಿ ಮತ್ತೆ ಬಿಟ್ಟಳು. ಸಿಳ್ಳೆಯಿಲ್ಲ, ಧಡ್ ಇಲ್ಲ. "ಮಗಾ, ನಿಲ್ಸೋ. ನಿಲ್ಸೋ" ಎಂದಳು. ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅದೂ ಸೊಸೆಯ ಮೇಲಿನ ಕರುಣೆಯಿಂದಲ್ಲ.

ಮಗನ ಕಿವಿಗೆ ಅದು ಬೀಳಲಿಲ್ಲ. ಅವನ ಕೈ ಮತ್ತೆ ಕತ್ತಿಗೆ ಬಂತು. ಸೊಸೆ ಈ ಸಲ ಕೂಗು ನುಂಗಲಿಲ್ಲ. ಗಂಟಲು ಮುಚ್ಚುವ ಮೊದಲು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದಳು. ಆಮೇಲೆ ಹಿಮ್ಮಡಿಯಿಂದ ನೆಲ ಒದೆಯತೊಡಗಿದಳು.

ಕೆಳಗೆ ಹೊಲಿಗೆ ಮಷಿನ್ ನಿಂತಿತು.

ಮೆಟ್ಟಿಲ ಮೇಲೆ ಹೆಜ್ಜೆಗಳು ಓಡಿಬಂದವು, ಬಾಗಿಲು ದಬದಬ ಎಂದಿತು. ಗಂಡ ಅವಳನ್ನು ಕೈಬಿಟ್ಟು, ಕೂದಲು ಸವರಿಕೊಂಡು, ಬಾಗಿಲನ್ನು ಒಂದು ಗೇಣು ತೆರೆದ. ಹೊರಗೆ ಟೈಲರ್, ಅವನ ಹಿಂದೆ ಮೇಲಿನ ಮನೆಯ ನರ್ಸಮ್ಮ. ಮೇಷ್ಟ್ರ ದನಿ ಬೆಣ್ಣೆಯಾಗಿತ್ತು.

"ಪೈಪು ಸಾರ್. ನಾಳೇನೇ ಮಾಡಿಸ್ತೀನಿ."

"ಪೈಪು ಇವತ್ತು ಮಧ್ಯಾಹ್ನವೇ ರಿಪೇರಿ ಆಯ್ತಲ್ಲ ಮೇಷ್ಟ್ರೇ" ಎಂದ ಟೈಲರ್. "ನಾನೇ ಕರ್ಕೊಂಡು ಬಂದು ಮಾಡ್ಸಿದ್ದು."

ನರ್ಸಮ್ಮ ಭುಜ ಕೊಟ್ಟು ಬಾಗಿಲು ತಳ್ಳಿದಳು. ಮೇಷ್ಟ್ರು ಅಡ್ಡ ಕೈ ಚಾಚಿದ. ಟೈಲರ್ ಹಿಡಿದು ತಂದಿದ್ದ ಅಳತೆಕೋಲಿನಿಂದ ಆ ಕೈಯ ಮೇಲೆ ಬಲವಾಗಿ ಹೊಡೆದ. ಕೋಲು ಮುರಿಯಿತು, ಮೇಷ್ಟ್ರು ಮಣಿಕಟ್ಟು ಹಿಡಿದುಕೊಂಡು ಕುಕ್ಕರಿಸಿದ.

ಸೊಸೆ ಗೋಡೆಗೆ ಆತು ಕೂತಿದ್ದಳು. ನರ್ಸಮ್ಮ ಅವಳ ಹಣೆಗೆ ಸೆರಗು ಒತ್ತಿ ಹಿಡಿದಳು. ಟೈಲರ್ ಅವಳ ಹಿಮ್ಮಡಿಯನ್ನು ನೋಡಿದ, ಅದರ ಕೆಳಗಿನ ನೆಲವನ್ನು ನೋಡಿದ. ಅದು ತನ್ನ ಸೂರು ಎಂದು ಅವನಿಗೆ ಹೊಳೆಯಿತು.

"ತಂಗಿ, ಹೋದ ವಾರ ನಾನು ಕುಟ್ಟಿದ್ನಲ್ಲ, ಆ ಸದ್ದು..."

"ಅದೂ ನಾನೇ ಅಣ್ಣಾ" ಎಂದಳು.

ಟೈಲರ್ ಮುಖ ಮುಚ್ಚಿಕೊಂಡ. ಅವಳು ನರ್ಸಮ್ಮನ ಕೈ ಹಿಡಿದು ಎದ್ದು, ಚಪ್ಪಲಿಯನ್ನೂ ಹುಡುಕದೆ ಮೆಟ್ಟಿಲಿಳಿದಳು.