ಬೀಗದಜ್ಜ ಯಾರನ್ನೂ ಕೇಳದಿದ್ದ ಮಾತು

ನಲವತ್ತು ವರ್ಷ ಬೀಗ ರಿಪೇರಿ ಮಾಡಿದ ಬೀಗದಜ್ಜ ಒಂದು ಮಾತನ್ನು ಮಾತ್ರ ಯಾರನ್ನೂ ಕೇಳಿದವನಲ್ಲ: ಒಳಗೆ ಏನಿದೆ? ಕೀಲಿ ಮಾಡಲು ತೆಗೆದ ಮೇಣದ ಅಚ್ಚನ್ನೂ ಗಿರಾಕಿಯ ಕಣ್ಣೆದುರೇ ಹಿಸುಕಿ ಉಂಡೆ ಮಾಡಿಬಿಡುತ್ತಿದ್ದ. ಅದು ಅವನ ನೇಮ.

ನೋಟುಗಳ ಕಾಲ ಮುಗಿಯಿತು, ಇನ್ನು ದುಡ್ಡೆಲ್ಲ ಫೋನಿನೊಳಗೇ ಎಂದು ಸರ್ಕಾರ ಸಾರಿದಾಗ, ಮಗಳ ಒತ್ತಾಯಕ್ಕೆ ಅವನೂ ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ಕೂಡಿಟ್ಟ ಗಂಟನ್ನು ಸರ್ಕಾರಿ ಕಚೇರಿಯ ಕಿಟಕಿಯೊಳಗೆ ತಳ್ಳಿ ಫೋನಿಗೆ ಹಾಕಿಸಿಕೊಂಡಿದ್ದ. "ಯಾತಕ್ಕೆ ಕೂಡಿಟ್ಟಿದ್ದು?" ಎಂದು ಗುಮಾಸ್ತೆ ಕೇಳಿದ್ದಳು. ಮನೆಯ ಕಾಯಿಲೆಯನ್ನು ಕಂಡಕಂಡವರಿಗೆ ಹೇಳುವುದುಂಟೇ? "ಕಸುಬಿಗೆ" ಎಂದುಬಿಟ್ಟಿದ್ದ. ಅವಳು ಹಾಗೆಯೇ ಬರೆದುಕೊಂಡಿದ್ದಳು.

ಆ ಒಂದು ಮಾತು ಈಗ ಕುತ್ತಿಗೆಗೆ ಬಂದಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ದುಡ್ಡು ಕಳಿಸಹೋದರೆ ಫೋನು ಒಲ್ಲೆನೆಂದಿತು. ಕಸುಬಿಗೆಂದು ಬರೆಸಿದ ದುಡ್ಡಿನಲ್ಲಿ ತಗಡು, ತಂತಿ, ಅರ ಕೊಳ್ಳಬಹುದಂತೆ, ಕಣ್ಣು ಮಾಡಿಸುವಂತಿಲ್ಲವಂತೆ. ಬದಲಾಯಿಸಲು ಅರ್ಜಿ ಕೊಡಬೇಕು, ಹದಿನೈದು ದಿನ ಕಾಯಬೇಕು. ಆಪರೇಷನ್ನು ಇದ್ದದ್ದು ಗುರುವಾರ. ಅದು ತಪ್ಪಿದರೆ ಮುಂದಿನ ಸರದಿ ಆರು ತಿಂಗಳಿಗೆ. ಅಷ್ಟರಲ್ಲಿ ಇರುವ ಚೂರು ನೋಟವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಬುಧವಾರ ಬೆಳಿಗ್ಗೆ ಅದೇ ಕಚೇರಿಯಿಂದ ಅಜ್ಜನಿಗೆ ಕರೆ ಬಂತು. ಸಾಹೇಬರ ಕಬ್ಬಿಣದ ಬೀರುವಿನ ಕೀಲಿ ಕಳೆದುಹೋಗಿತ್ತು. ಮಧ್ಯಾಹ್ನ ತಪಾಸಣೆಯವರು ಬರುವವರಿದ್ದರು.

ಅಜ್ಜ ಬೀರುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಚೀಲ ಮಾತ್ರ ಬಿಚ್ಚಲಿಲ್ಲ.

"ಒಳಗೆ ಏನಿದೆ ಸಾಹೇಬ್ರೆ?"

"ಅದೆಲ್ಲ ನಿನಗ್ಯಾಕಜ್ಜ? ಬೇಗ ತೆಗಿ."

"ಯಾತಕ್ಕೆ ಬೇಕು ಅಂತ ಒಂದು ಅರ್ಜಿ ಬರ್ಕೊಡಿ. ಹದಿನೈದು ದಿನ ಬಿಟ್ಟು ಬರ್ತೀನಿ."

ಗುಮಾಸ್ತೆ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಸಾಹೇಬರ ಮುಖ ಕೆಂಪೇರಿತು. "ಏನು, ತಮಾಷೆನಾ?"

"ತಮಾಷೆ ಮಾಡಿದ್ದು ನೀವು! ನಾಳೆ ನನ್ನ ಹೆಂಡ್ತಿ ಕಣ್ಣಿನ ಆಪರೇಷನ್ನು. ದುಡ್ಡು ನಂದು, ಬೆವರು ನಂದು. ಅದರಲ್ಲಿ ನಾನು ಅರ ತಗೋಬೇಕೋ, ಅವಳ ಕಣ್ಣು ಉಳಿಸ್ಕೋಬೇಕೋ, ಹೇಳೋಕೆ ನೀವ್ಯಾರ್ರೀ?"

ಸಾಹೇಬರು ಗಡಿಯಾರ ನೋಡಿದರು, ಬೀರು ನೋಡಿದರು, ಕೊನೆಗೆ ಗುಮಾಸ್ತೆಗೆ ಸನ್ನೆ ಮಾಡಿದರು. ಅವಳು ಎರಡು ಗುಂಡಿ ಒತ್ತಿದಳು. "ಆಯ್ತು ಅಜ್ಜ. ಇನ್ನು ಆಸ್ಪತ್ರೆಗೂ ನಡೆಯುತ್ತೆ."

ಅಜ್ಜನ ಸಿಟ್ಟು ಇಳಿಯಬೇಕಿತ್ತು. ಇನ್ನೂ ಭುಗಿಲೆದ್ದಿತು. ಎರಡು ಗುಂಡಿಯ ಕೆಲಸಕ್ಕೆ ಹದಿನೈದು ದಿನವೇ! ಅಲ್ಲೇ ಕೂತು ಆಸ್ಪತ್ರೆಗೆ ಹಣ ಕಳಿಸಿ, ಮುಟ್ಟಿತೆಂದು ಮಗಳ ಬಾಯಲ್ಲಿ ಕೇಳಿದ ಮೇಲೆಯೇ ಚೀಲ ಬಿಚ್ಚಿದ. ಕೊರೆಯದ ಕೀಲಿಯೊಂದನ್ನು ಮೇಣದಬತ್ತಿಯ ಮಸಿಗೆ ಹಿಡಿದು, ಬೀಗದೊಳಗೆ ತಿರುವಿ, ಗೀರು ಬಿದ್ದಲ್ಲಿ ಅರದಿಂದ ಉಜ್ಜಿದ. ಐದಾರು ಸಲ ಹಾಗೆ ಮಾಡಿದ ಮೇಲೆ ಬೀರು ಬಾಯಿ ತೆರೆಯಿತು. ಒಳಗೆ ಇಣುಕದೆ ಮುಖ ತಿರುಗಿಸಿದ. ಇನ್ನೊಂದು ಕೀಲಿಗೆ ಮೇಣದಲ್ಲಿ ಅಚ್ಚು ತೆಗೆದು, ಕೆಲಸ ಮುಗಿದದ್ದೇ ಆ ಮೇಣವನ್ನು ಸಾಹೇಬರ ಮೂಗಿನ ಕೆಳಗೇ ಹಿಸುಕಿದ.

"ನಿಮ್ಮ ಕೀಲಿ ಅಚ್ಚು ನಾನು ಇಟ್ಕೊಳ್ಳಲ್ಲ. ನನ್ನ ದುಡ್ಡಿನ ಕೀಲಿ ಮಾತ್ರ ನಿಮ್ಮ ಹತ್ರ ಇದೆ. ಥೂ!"

ಸಂಜೆಯೊಳಗೆ ಫೋನಿನಲ್ಲಿ ಉಳಿದದ್ದಕ್ಕೆಲ್ಲ ಹಿತ್ತಾಳೆ ಗಟ್ಟಿ ಕೊಂಡು ತಂದು ಕೋಣೆಯಲ್ಲಿ ಪೇರಿಸಿದ. ಮಗಳು ಹಣೆ ಚಚ್ಚಿಕೊಂಡಳು.

"ಅಪ್ಪಾ, ಇಷ್ಟೊಂದು ಯಾತಕ್ಕೆ?"

"ನೀನೂ ಕೇಳ್ಬೇಡ! ಈ ಹಿತ್ತಾಳೆಯಾದ್ರೂ ಯಾತಕ್ಕೆ ಅಂತ ಕೇಳಲ್ಲ" ಎಂದು ಗುಡುಗಿ, ಬಾಗಿಲಿಗೆ ತಾನೇ ಮಾಡಿದ ಬೀಗ ಜಡಿದ.